ಏಳು ನೀರಿನ ಅಕ್ಕಿ

ಹೊಸಮನೆ, ಭದ್ರಾವತಿ
4 ಸೆಪ್ಟೆಂಬರ್ 2024

ಗುಲ್ಷನ್ ಟೀಚರಿಗೆ,

ಈ ಕೈಬರಹ ನೋಡಿದ ಕೂಡಲೇ ನೀನು ಕಾಗದ ಹರಿದು ಬಿಸಾಕದಿದ್ದರೆ ಸಾಕು. ಮೂರು ವರ್ಷದಿಂದ ನಿನಗೂ ನನಗೂ ಮಾತಿಲ್ಲ. ನಾನಾಗಿ ಬರೆಯುತ್ತಲೂ ಇರಲಿಲ್ಲ. ಇದು ನನ್ನ ಮಗಳು ಪ್ರಿಯದರ್ಶಿನಿಯ ಹಟ. "ನಂಗೆ ಅ ಆ ಇ ಈ ತಿದ್ದಿಸಿದ ಟೀಚರ್ ಬರ್ದೆ ನನ್ನ ಮಗೂಗೆ ಹೆಸರಿಡಲ್ಲ" ಎಂದು ಕೂತಿದ್ದಾಳೆ. ಮೊದಲು ಫೋನೇ ಮಾಡಿದ್ದೆ. ನಿನ್ನ ಸೊಸೆ ಫರ್ಹೀನ್ ಎತ್ತಿದಳು. "ಅತ್ತೆಗೆ ಈಗ ಕಿವಿ ಕೇಳಲ್ಲ ಆಂಟಿ, ಏನಿದ್ರೂ ನಂಗೆ ಹೇಳಿ, ನಾನು ಕೂಗಿ ಹೇಳ್ತೀನಿ" ಎಂದಳು. ನಮ್ಮಿಬ್ಬರ ವಿಷಯ ನಿಮ್ಮ ಆಲ್ಕೊಳ ಸರ್ಕಲ್ಲಿಗೆಲ್ಲ ಕೇಳಿಸಬೇಕೇ? ಅದಕ್ಕೇ ಕಾಗದ ಹಿಡಿದು ಕೂತೆ.

ಪ್ರಿಯಾಗೆ ಆಗಸ್ಟ್ ಹನ್ನೆರಡಕ್ಕೆ ಗಂಡು ಮಗುವಾಯಿತು. ಮೂರು ಕೆಜಿ, ತಲೆ ತುಂಬಾ ಕೂದಲು. ಅಳಲು ಶುರುವಿಟ್ಟರೆ ಕೇರಿಯ ಆ ತುದಿಗೆ ಕೇಳಬೇಕು. ನಮ್ಮ ಯಜಮಾನರು ಮೂವತ್ತು ವರ್ಷ ಕಾರ್ಖಾನೆಯ ಸೈರನ್ನಿಗೆ ಎದ್ದವರು, ಈಗ ಮೊಮ್ಮಗನ ಸೈರನ್ನಿಗೆ ಏಳುತ್ತಾರೆ.

ಬಾಣಂತನದ ವಿಷಯ ನಿನಗೆ ಹೇಳಬೇಕಾಗಿಲ್ಲ. ಈ ಕೇರಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಪಥ್ಯ ಹೇಳುವವಳು ನಾನೇ. ನಮ್ಮ ಅತ್ತೆ ಹುಚ್ಚಮ್ಮನವರು ಹೇಳಿಕೊಟ್ಟು ಹೋದ ಪದ್ಧತಿ. ಎರಡು ವರ್ಷದ ಹಳೆ ಅಕ್ಕಿ, ಚೆನ್ನಾಗಿ ಪಾಲಿಶ್ ಆಗಿರಬೇಕು. ಅದನ್ನು ಏಳು ನೀರಿನಲ್ಲಿ ತೊಳೆಯಬೇಕು. ಏಳನೆಯ ನೀರು ತಿಳಿಯಾಗಿ ನಿಂತರೆ ಅಕ್ಕಿಯ ನಂಜೆಲ್ಲ ಹೋಯಿತೆಂದು ಅರ್ಥ. ಬೆಂದ ಮೇಲೆ ಗಂಜಿ ಬಸಿಯಬೇಕು. ಆ ಅನ್ನಕ್ಕೆ ಕಾಳುಮೆಣಸಿನ ಸಾರು, ತುಪ್ಪ, ಊಟದ ಮೇಲೆ ಎಲೆ ಅಡಿಕೆ. ಬೇಳೆ ವಾಯು, ಸೊಪ್ಪು ಶೀತ, ಕಾಳು ನಂಜು, ಹಣ್ಣಿನ ಮಾತೇ ಬೇಡ. ಮೂರು ತಿಂಗಳು ಹೀಗೇ ನಡೆಯಬೇಕು. ಅಕ್ಕಿ ತೊಳೆದ ನೀರು, ಬಸಿದ ಗಂಜಿ ಎಲ್ಲ ಪಕ್ಕದ ಮನೆ ಪುಷ್ಪಮ್ಮನ ಎಮ್ಮೆಗೆ ಹೋಗುತ್ತದೆ. ಎಮ್ಮೆ ಮಿರಮಿರ ಮಿಂಚುತ್ತಿದೆ, ದೃಷ್ಟಿ ತೆಗೆಯಬೇಕು ಹಾಗಿದೆ!

ತೊಟ್ಟಿಲು ಶಾಸ್ತ್ರ ಇದೇ ಹದಿನೈದು, ಭಾನುವಾರ. ಬಂದರೆ ಪ್ರಿಯಾಗೆ ಸಂತೋಷ. ಹಳೆಯದನ್ನು ನಾನು ಎತ್ತುವುದಿಲ್ಲ, ನೀನೂ ಎತ್ತಬೇಡ.

ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ.

ದಾಕ್ಷಾಯಣಿ


ಆಲ್ಕೊಳ, ಶಿವಮೊಗ್ಗ
10 ಸೆಪ್ಟೆಂಬರ್ 2024

ದಾಕ್ಷಾಯಣಿ,

ಹರಿದು ಹಾಕಲಿಲ್ಲ. ಎರಡು ಸಲ ಓದಿದೆ. ಮೊದಲ ಸಲ ಖುಷಿಯಾಯಿತು, ಎರಡನೆಯ ಸಲ ಮೈ ಜುಮ್ಮೆಂದಿತು.

ಅಲ್ಲ ಮಾರಾಯ್ತಿ, ಹೆತ್ತ ಹುಡುಗಿಗೆ ಬಿಳಿ ಅನ್ನ, ಮೆಣಸಿನ ನೀರು, ಇಷ್ಟೇನಾ? ಅದೂ ಏಳು ಸಲ ತೊಳೆದು, ಬಸಿದು, ಹಿಂಡಿ! ತ್ಯಾವರೆಕೊಪ್ಪದ ಸಫಾರಿಯ ಹುಲಿಗೂ ಡಾಕ್ಟರನ್ನು ಕೇಳಿ ಊಟ ಹಾಕುತ್ತಾರೆ. ನಿನ್ನ ಮಗಳು ಆ ಹುಲಿಗಿಂತ ಕಡೆಯೇ? ನಾನು ಮೂವತ್ತೊಂದು ವರ್ಷ ನಿಮ್ಮ ಕೇರಿಯ ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಬಡಿಸಿದವಳು. ಅನ್ನ ಬೇಕು, ಯಾರು ಬೇಡವೆಂದರು? ಜೊತೆಗೆ ಬೇಳೆ ಬೇಕು, ಸೊಪ್ಪು ಬೇಕು, ಮೊಳಕೆಕಾಳು, ಹಾಲು, ಒಂದು ಹಣ್ಣು ಬೇಕು. ತಾಯಿಯ ತಟ್ಟೆಯಲ್ಲಿ ಇಲ್ಲದ್ದು ಅವಳ ಎದೆಹಾಲಿಗೆ ಎಲ್ಲಿಂದ ಬರಬೇಕು ಹೇಳು. ದಯವಿಟ್ಟು ನಾಳೆಯಿಂದ ಒಂದು ಹಿಡಿ ತೊಗರಿಬೇಳೆ ಬೇಯಿಸಿ ಹಾಕು. ಅಕ್ಕಿಯನ್ನು ಒಂದು ಸಲ ಆಡಿಸಿ ತೊಳೆದರೆ ಸಾಕು, ಗಂಜಿ ಬಸಿಯಬೇಡ.

ತೊಟ್ಟಿಲಿಗೆ ಬರುವುದಿಲ್ಲ. ಆ ಕೇರಿಯಲ್ಲಿ ನಾನು ಕಂಡರೆ ಬಾಣಂತಿಯರಿರುವ ಮನೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಅದು ಯಾರ ಬಾಯಿಂದ ಶುರುವಾಯಿತೆಂದು ನಿನಗೆ ಗೊತ್ತು. ಎತ್ತಬೇಡ ಅಂದೆಯಲ್ಲ, ಇಲ್ಲಿಗೇ ಬಿಟ್ಟೆ.

ಮಗುವಿಗೆ ಒಂದು ಕುಲಾವಿ ಹೆಣೆದು ನಿನ್ನ ಅಳಿಯ ರುದ್ರೇಶನ ಗಾಂಧಿ ಬಜಾರಿನ ಅಂಗಡಿಗೆ ಕಳಿಸಿದ್ದೇನೆ. ಪ್ರಿಯಾಗೆ ನನ್ನ ದುವಾ ತಿಳಿಸು.

ಗುಲ್ಷನ್


ಹೊಸಮನೆ, ಭದ್ರಾವತಿ
17 ಸೆಪ್ಟೆಂಬರ್ 2024

ಗುಲ್ಷನ್,

ನಿನ್ನ ಕಾಗದ ಓದಿ ದಂಗಾದೆ. ಹೆಸರಿಡಲು ಕರೆದರೆ ಹೆಸರು ಕೆಡಿಸಲು ಬಂದೆಯಲ್ಲ! ನನಗೆ ಬಾಣಂತನ ಕಲಿಸುತ್ತೀಯಾ? ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯಿತು.

ಎತ್ತಬಾರದು ಎಂದುಕೊಂಡಿದ್ದೆ, ನೀನೇ ಎತ್ತಿಸಿದೆ. ಕೊನೆಮನೆ ದುರ್ಗಮ್ಮನ ಸೊಸೆ ಹಾಲಮ್ಮನನ್ನು ಮರೆತೆಯಾ? ಆ ಹುಡುಗಿಗೂ ನಾನೇ ಪಥ್ಯ ಹೇಳಿದ್ದೆ. ಎರಡು ತಿಂಗಳು ಮಗು ಚೆನ್ನಾಗಿತ್ತು. ನೀನು ಅವಳನ್ನು ಅಂಗನವಾಡಿಗೆ ಕರೆದು, ಯಾರಿಗೂ ತಿಳಿಯದ ಹಾಗೆ ಮೊಟ್ಟೆ, ಹೆಸರುಕಾಳು ತಿನ್ನಿಸಿ ಕಳಿಸಿದೆ. ವಾರ ಕಳೆಯುವುದರೊಳಗೆ ಮಗು ಹೋಯಿತು. ಅದು ನಂಜಲ್ಲದೆ ಇನ್ನೇನು? ನಾನು ಕೇರಿಯ ನಡುವೆ ನಿಂತು "ಗುಲ್ಷನ್ ಕೊಟ್ಟ ಮೊಟ್ಟೆ ನಂಜಾಯ್ತು" ಎಂದೆ, ಹೌದು. ಇದ್ದದ್ದನ್ನೇ ಅಂದೆ. ಈಗಲೂ ಅನ್ನುತ್ತೇನೆ.

ನನ್ನ ಮೊಮ್ಮಗನ ತಂಟೆಗೆ ಬರಬೇಡ. ಕುಲಾವಿ ತಲುಪಿತು. ಪ್ರಿಯಾ ಹಾಕಿದ್ದಾಳೆ, ನಾನು ಬೇಡವೆನ್ನಲಿಲ್ಲ. ಮಗುವಿಗೆ ಅಥರ್ವ ಎಂದು ಹೆಸರಿಟ್ಟೆವು.

ದಾಕ್ಷಾಯಣಿ


ಹೊಸಮನೆ, ಭದ್ರಾವತಿ
21 ಅಕ್ಟೋಬರ್ 2024

ಗುಲ್ಷನ್,

ಒಂದು ತಿಂಗಳಾಯಿತು, ನಿನ್ನಿಂದ ಸುದ್ದಿಯಿಲ್ಲ. ನಾನು ಬರೆದದ್ದು ಸ್ವಲ್ಪ ಖಾರವಾಯಿತೇನೋ. ನನ್ನ ಬಾಯಿ ನಿನಗೆ ಹೊಸದಲ್ಲ. ಇಪ್ಪತ್ತು ವರ್ಷ ಒಂದೇ ನಲ್ಲಿಯಲ್ಲಿ ನೀರು ಹಿಡಿದವರು, ಸಿಟ್ಟಿದ್ದರೆ ಬೈದಾದರೂ ಬರಿ.

ಇಲ್ಲಿ ಪ್ರಿಯಾಗೆ ಕಾಲು ಜೋಮು ಹಿಡಿಯುತ್ತಿದೆ. "ಅಮ್ಮಾ, ಪಾದದಲ್ಲಿ ಇರುವೆ ಹರಿದಂಗೆ ಆಗ್ತದೆ" ಅನ್ನುತ್ತಾಳೆ. ಎದ್ದು ನಿಂತರೆ ಗೋಡೆ ಹಿಡಿದುಕೊಳ್ಳುತ್ತಾಳೆ. ಬಾಣಂತಿ ಸನ್ನಿಯ ಗಾಳಿ ತಾಗಿರಬೇಕೆಂದು ಪಥ್ಯ ಇನ್ನೂ ಬಿಗಿ ಮಾಡಿದ್ದೇನೆ. ತುಪ್ಪವೂ ಕಡಿಮೆ, ನೀರೂ ಕಡಿಮೆ. ಸಾರು ಬಿಟ್ಟು ಬರೀ ಉಪ್ಪು ಅನ್ನ ಕೊಡುತ್ತಿದ್ದೇನೆ.

ಮಗು ಮಾತ್ರ ಎಷ್ಟು ಸಾಧುವಾಗಿಬಿಟ್ಟಿದೆ ಗೊತ್ತಾ! ಆ ಸೈರನ್ ಎಲ್ಲಿ ಹೋಯಿತೋ. ಈಗ ನಾಲ್ಕು ದಿನದಿಂದ ಅತ್ತರೆ ಬಾಯಿ ಅಗಲವಾಗಿ ತೆರೆಯುತ್ತದೆ, ಮುಖ ಕೆಂಪಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಸದ್ದೇ ಇಲ್ಲ. ಪಕ್ಕದ ಕೋಣೆಯಲ್ಲಿದ್ದವರಿಗೆ ಮಗು ಅಳುತ್ತಿದೆಯೆಂದೇ ತಿಳಿಯುವುದಿಲ್ಲ. "ಇಂಥಾ ತಣ್ಣಗಿರೋ ಮಗು ನಾನು ಕಂಡಿಲ್ಲ ಬಿಡಿ" ಎಂದಳು ಪುಷ್ಪಮ್ಮ. ಕುಡಿದ ಹಾಲು ಒಂದಿಷ್ಟು ಕಕ್ಕುತ್ತದೆ. ಉಸಿರು ಸ್ವಲ್ಪ ದಡಬಡ. ಇಲ್ಲಿಯ ಡಾಕ್ಟರು ನೆಗಡಿ ಎಂದು ಡ್ರಾಪ್ಸ್ ಕೊಟ್ಟಿದ್ದಾರೆ.

ಯಾಕೋ ನಿನಗೆ ಹೇಳಬೇಕೆನಿಸಿತು.

ದಾಕ್ಷಾಯಣಿ


(ಚೀಟಿ, ಕಾರಿನಲ್ಲಿ ಬಂದ ಗುಲ್ಷನ್ ಮಗ ಜಮ್ಶೀದ್ ಕೈಯಲ್ಲಿ)

24 ಅಕ್ಟೋಬರ್, ಬೆಳಿಗ್ಗೆ

ದಾಕ್ಷಾಯಣಿ,

ಕಾಗದ ಈಗ ಕೈಗೆ ಬಂತು. ಕಾರು ಕಳಿಸಿದ್ದೇನೆ. ಒಂದು ಪ್ರಶ್ನೆಯನ್ನೂ ಕೇಳಬೇಡ. ಮಗುವನ್ನೂ ಪ್ರಿಯಾಳನ್ನೂ ಹತ್ತಿಸಿಕೊಂಡು ಶಿವಮೊಗ್ಗಕ್ಕೆ ಬಾ. ನನ್ನ ಮಗನಿಗೆ ಮಕ್ಕಳ ಆಸ್ಪತ್ರೆ ಗೊತ್ತು, ನಾನು ಅಲ್ಲೇ ಬಾಗಿಲಲ್ಲಿ ನಿಂತಿರುತ್ತೇನೆ.

ಡಾಕ್ಟರ ಹತ್ತಿರ ಪ್ರಿಯಾ ಏನೇನು ತಿಂದಳೆಂದು ಪೂರ್ತಿ ಹೇಳು. ಏಳು ನೀರು ಅನ್ನು, ಬಸಿದೆ ಅನ್ನು. ಮರ್ಯಾದೆ ನೋಡಬೇಡ, ಒಂದೂ ಮುಚ್ಚಬೇಡ.

ಹಾಲಮ್ಮನ ಮಗುವೂ ಹೀಗೇ ಸದ್ದಿಲ್ಲದೆ ಅಳುತ್ತಿತ್ತು. ನಾನು ಅವಳಿಗೆ ಮೊಟ್ಟೆ ಕೊಡುವುದಕ್ಕೆ ಮೂರು ದಿನ ಮೊದಲೇ ಅದರ ದನಿ ಹೋಗಿತ್ತು. ನೋಡಿಯೇ ಕೊಟ್ಟೆ.

ಕಾರು ಹತ್ತು, ಹತ್ತು.

ಗುಲ್ಷನ್


ಹೊಸಮನೆ, ಭದ್ರಾವತಿ
4 ನವೆಂಬರ್ 2024

ಗುಲ್ಷನ್,

ಹಬ್ಬ ಆಸ್ಪತ್ರೆಯಲ್ಲೇ ಕಳೆಯಿತು. ಮೊನ್ನೆ ಮನೆಗೆ ಬಂದೆವು. ಹತ್ತು ದಿನ ನೀನು ನನ್ನ ಪಕ್ಕದಲ್ಲೇ ಕೂತಿದ್ದೆ, ಬುತ್ತಿ ತಂದೆ, ಪ್ರಿಯಾಳ ಕಾಲು ಒತ್ತಿದೆ. ನಾನು ಒಂದು ಮಾತೂ ಆಡಲಿಲ್ಲ. ವಾರ್ಡಿನಲ್ಲಿ ಇಪ್ಪತ್ತು ಜನರ ನಡುವೆ ನಿನ್ನ ಕಿವಿಯಲ್ಲಿ ಕೂಗಿ ಹೇಳುವ ಮಾತಲ್ಲ ಇದು. ನಿನಗೆ ಕೇಳಿಸದೆ ಹೋದ ಮಾತುಗಳನ್ನೂ ಬರೆಯುತ್ತೇನೆ.

ಆ ಡಾಕ್ಟರಮ್ಮ ನನ್ನ ಪ್ರಿಯಾಳ ವಯಸ್ಸಿನವಳು. ಮಗುವಿನ ಎದೆಗೆ ಯಂತ್ರ ಹಿಡಿದು ನೋಡಿ, "ಹಾರ್ಟ್ ಊದ್ಕೊಂಡಿದೆ, ಇನ್ನೊಂದು ದಿನ ತಡ ಮಾಡಿದ್ರೆ ನಮ್ಮ ಕೈಲೂ ಇರ್ತಿರ್ಲಿಲ್ಲ" ಎಂದಳು. ಎಪ್ಪತ್ತಮೂರು ದಿನದ ಕೂಸಿಗೆ ಹೃದಯದ ಕಾಯಿಲೆ ಎಂದರೆ ಯಾರಾದರೂ ನಂಬುತ್ತಾರೆಯೇ? ಆಮೇಲೆ ನನ್ನ ಕಡೆ ತಿರುಗಿ, "ತಾಯಿ ಏನು ಊಟ ಮಾಡ್ತಿದಾರೆ?" ಎಂದು ಕೇಳಿದಳು. ಮಗುವಿನ ಹೃದಯಕ್ಕೂ ಇವಳ ಊಟಕ್ಕೂ ಏನು ಸಂಬಂಧ ಅಂತ ನನಗೆ ರೇಗಿತು. ನಿನ್ನ ಚೀಟಿ ಸೆರಗಿನ ಗಂಟಿನಲ್ಲಿತ್ತು. ಹೇಳಿದೆ. ಹಳೆ ಅಕ್ಕಿ ಅಂದೆ, ಏಳು ನೀರು ಅಂದೆ, ಬಸಿದೆ ಅಂದೆ, ಎಲೆ ಅಡಿಕೆ ಅಂದೆ. ಹೇಳುವಾಗ ಒಳಗೊಳಗೆ ಸ್ವಲ್ಪ ಜಂಬವೂ ಇತ್ತು ಗುಲ್ಷನ್, ಸುಳ್ಳೇಕೆ ಹೇಳಲಿ. ಇಷ್ಟು ಶಿಸ್ತಾಗಿ ಯಾರು ಮಾಡುತ್ತಾರೆ ಎಂಬ ಜಂಬ.

ಆ ಹುಡುಗಿ ಪೂರ್ತಿ ಕೇಳಲಿಲ್ಲ. ನರ್ಸನ್ನು ಕೂಗಿ ಯಾವುದೋ ಇಂಜೆಕ್ಷನ್ ಹೆಸರು ಹೇಳಿದಳು. ಬರೀ ವಿಟಮಿನ್ನಂತೆ. ಬಿ ಒಂದು. ನಾನು ಬಾಯಿಬಿಟ್ಟು ನೋಡುತ್ತಾ ನಿಂತೆ. ಸಾಯುತ್ತಿರುವ ಮಗುವಿಗೆ ವಿಟಮಿನ್ ಕೊಡುತ್ತಾಳಲ್ಲ, ಇವಳಿಗೆ ತಲೆ ಸರಿ ಇದೆಯೇ ಎಂದುಕೊಂಡೆ. ಮಧ್ಯಾಹ್ನ ಹನ್ನೆರಡಕ್ಕೆ ಚುಚ್ಚಿದರು. ಸಂಜೆ ಕಾಫಿಯ ಹೊತ್ತಿಗೆ ಉಸಿರು ತಹಬಂದಿಗೆ ಬಂತು. ಮರುದಿನ ಹಾಲು ಕಕ್ಕಲಿಲ್ಲ. ಮೂರನೆಯ ದಿನ ನೀನೂ ಇದ್ದೆ, ಮಗು ಬಾಯಿ ತೆರೆಯಿತು, ಮೊದಲು ಕೀರಲು ದನಿ, ಆಮೇಲೆ ಗಟ್ಟಿಯಾಗಿ ಕಿರುಚಿತು. ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ನಿನಗೆ ಕೇಳಿಸಲಿಲ್ಲ, ನಮ್ಮೆಲ್ಲರ ಮುಖ ನೋಡಿ "ಅಳ್ತಾ? ಅಳ್ತಾ?" ಎಂದು ಕೇಳಿದೆಯಲ್ಲ, ಆಗ ನಾನು ತಲೆಯಾಡಿಸಿ ಹೊರಗೆ ಓಡಿದೆ. ಅಳು ತಡೆಯಲಾಗಲಿಲ್ಲ.

ಡಾಕ್ಟರಮ್ಮ ಹೊರಗೇ ಸಿಕ್ಕಳು. ಬೆಂಚಿನ ಮೇಲೆ ನನ್ನ ಪಕ್ಕ ಕೂತು ಸಮಾಧಾನವಾಗಿ ಹೇಳಿದಳು. "ನೋಡಿ ಅಜ್ಜಿ, ಅಕ್ಕೀಲಿ ಆ ಸತ್ವ ಇರೋದೇ ಸ್ವಲ್ಪ. ಪಾಲಿಶ್ ಮಾಡಿದಾಗ ಮುಕ್ಕಾಲು ಪಾಲು ಹೋಯ್ತು. ನೀವು ತೊಳೆದು ತೊಳೆದು, ಬಸಿದು, ಉಳಿದಿದ್ದನ್ನೂ ಕಳೆದ್ರಿ. ಬೇಳೆ ಕಾಳು ಕೊಟ್ಟಿದ್ರೆ ಅದರಿಂದಾದ್ರೂ ಸಿಕ್ತಿತ್ತು, ಅದನ್ನೂ ನಿಲ್ಲಿಸಿದ್ರಿ. ಮೇಲೆ ಎಲೆ ಅಡಿಕೆ ಬೇರೆ, ಅದು ಸಿಕ್ಕಿದ್ದನ್ನೂ ಮೈಗೆ ಹಿಡಿಸಲ್ಲ. ತಾಯಿ ಹಾಲಲ್ಲೇ ಇಲ್ದಿದ್ರೆ ಮಗೂಗೆ ಎಲ್ಲಿಂದ ಬರುತ್ತೆ?"

ಇದೇ ಮಾತನ್ನು ನೀನು ಸೆಪ್ಟೆಂಬರಿನಲ್ಲಿ ಬರೆದಿದ್ದೆ. ಸತ್ವವನ್ನೆಲ್ಲ ಪುಷ್ಪಮ್ಮನ ಎಮ್ಮೆ ಕುಡಿಯಿತು ಗುಲ್ಷನ್. ನನ್ನ ಮಗಳಿಗೆ ನಾನು ಚರಟ ಬಡಿಸಿದೆ. ನಂಜು ತೆಗೆಯುತ್ತೇನೆಂದು ಜೀವ ತೆಗೆಯಹೊರಟಿದ್ದೆ.

ಈಗ ಪ್ರಿಯಾ ಎಲ್ಲವನ್ನೂ ತಿನ್ನುತ್ತಾಳೆ. ಬೆಳಿಗ್ಗೆ ರಾಗಿ ಮಾಲ್ಟು, ಮಧ್ಯಾಹ್ನ ಕುಚಲಕ್ಕಿ ಅನ್ನ, ಹರಿವೆ ಸೊಪ್ಪಿನ ಹುಳಿ, ಹೆಸರುಕಾಳು ಉಸಲಿ, ಮೊಸರು, ಒಂದು ಬಾಳೆಹಣ್ಣು. ಮಾತ್ರೆಯೂ ಇದೆ. ವಾರದಲ್ಲಿ ಕಾಲಿನ ಜೋಮು ಇಳಿದಿದೆ. ಮುಖದಲ್ಲಿ ರಕ್ತ ಕಾಣುತ್ತಿದೆ. ಮೊನ್ನೆ ನನ್ನ ಮೇಲೆ ರೇಗಿದಳು, ಅಷ್ಟು ಶಕ್ತಿ ಬಂದಿದೆ.

ಕೇಳಬೇಕಾದ್ದನ್ನು ಕೇಳುತ್ತೇನೆ. ಹಾಲಮ್ಮನ ಮಗು ಹೋದದ್ದು ಮೊಟ್ಟೆಯಿಂದಲ್ಲ ಅಲ್ಲವಾ? ನನ್ನ ಏಳು ನೀರಿನಿಂದ. ನಿನಗೆ ಇದು ಗೊತ್ತಿತ್ತಾ? ಗೊತ್ತಿದ್ದೂ ಮೂರು ವರ್ಷ ಆ ಹೆಸರು ಹೊತ್ತುಕೊಂಡಿದ್ದೆಯಾ? ನಿನ್ನ ಕಾಲು ಹಿಡಿಯುತ್ತೇನೆ, ಕ್ಷಮಿಸಿದೆ ಎಂದು ಒಂದು ಸಾಲು ಬರಿ. ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ.

ದಾಕ್ಷಾಯಣಿ


ಆಲ್ಕೊಳ, ಶಿವಮೊಗ್ಗ
9 ನವೆಂಬರ್ 2024

ದಾಕ್ಷಾಯಣಿ,

ಮೊದಲು ಊಟ ಮಾಡು. ಮಗಳ ತಟ್ಟೆ ತುಂಬಿಸಿ ನೀನು ಉಪವಾಸ ಕೂತರೆ ಯಾವ ನ್ಯಾಯ? ಊಟ ಮಾಡಿ ಬಂದು ಮುಂದೆ ಓದು.

ಆಗ ನನಗೆ ಗೊತ್ತಿರಲಿಲ್ಲ. ಹಾಲಮ್ಮ ತೂಕ ಹಾಕಿಸಲು ಮಗುವನ್ನು ತಂದಾಗ ಅದರ ದನಿ ಹೋಗಿ ಮೂರು ದಿನವಾಗಿತ್ತು, ಹುಡುಗಿಯ ಕಾಲು ಊದಿತ್ತು. ಇವಳು ಹಸಿದಿದ್ದಾಳೆ ಅಂತ ಮಾತ್ರ ತಿಳಿಯಿತು. ಒಂದು ಮೊಟ್ಟೆ, ಒಂದು ಬಟ್ಟಲು ಕಾಳು ಕೊಟ್ಟೆ. ಗಬಗಬ ತಿಂದಳು, ತಿಂದು ಬಟ್ಟಲು ನೆಕ್ಕಿದಳು. "ಅತ್ತೇಗೆ ಹೇಳ್ಬೇಡಿ ಟೀಚರ್" ಎಂದಳು. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಹೊಳೆಯಲಿಲ್ಲ. ಅದು ನನ್ನ ತಪ್ಪು, ನನಗೆ ಬಿಡು.

ಗೊತ್ತಾದದ್ದು ಒಂದು ವರ್ಷದ ಮೇಲೆ, ರಿಟೈರಾಗುವ ಮೊದಲು. ಶಿವಮೊಗ್ಗದಲ್ಲಿ ನಮಗೆ ತರಬೇತಿ ಇತ್ತು. ಒಬ್ಬ ಡಾಕ್ಟರು ಪರದೆಯ ಮೇಲೆ ವಿಡಿಯೋ ತೋರಿಸಿದರು. ಒಂದು ಕೂಸು ಬಾಯಿ ತೆರೆದು ಅಳುತ್ತಿತ್ತು. ಆಗ ನನ್ನ ಕಿವಿ ಚೆನ್ನಾಗಿಯೇ ಇತ್ತು, ಸದ್ದು ಬರಲಿಲ್ಲ. ಸ್ಪೀಕರ್ ಕೆಟ್ಟಿದೆ ಎಂದುಕೊಂಡೆವು. ಡಾಕ್ಟರು "ಸ್ಪೀಕರ್ ಸರಿಯಾಗೇ ಇದೆ, ಮಗು ಅಳೋದೇ ಹೀಗೆ" ಎಂದರು. ಯಾ ಅಲ್ಲಾ! ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಎಲ್ಲರೂ ನೋಡಿದರು.

ಅಂದೇ ಭದ್ರಾವತಿಗೆ ಬಂದು ದುರ್ಗಮ್ಮನ ಗೇಟಿನವರೆಗೆ ಹೋದೆ. ಅವಳು ನನ್ನನ್ನು ಕಂಡು ನೀರು ಎರಚಿ ಬಾಗಿಲು ಹಾಕಿಕೊಂಡಳು. ವಾಪಸು ಬಂದೆ. ಇನ್ನೊಂದು ಸಲ ಹೋಗಬಹುದಿತ್ತು. ನಿನ್ನ ಬಾಗಿಲಿಗೆ ಬರಬಹುದಿತ್ತು. ಬರಲಿಲ್ಲ. ನನಗೂ ರೋಷವಿತ್ತು ಕಣೆ. ಮೂವತ್ತೊಂದು ವರ್ಷ ಅವರ ಮಕ್ಕಳ ಮೂಗು ಒರೆಸಿದ್ದೇನೆ. ಒಂದು ಮಾತಿಗೆ ನನ್ನನ್ನು ವಿಷ ಹಾಕಿದವಳನ್ನಾಗಿ ಮಾಡಿದರು. ಆ ಮಾತಿನ ಹಿಂದೆ ಇನ್ನೂ ಏನೇನು ಆಡಿಕೊಂಡರೆಂದು ನಿನಗೂ ಗೊತ್ತು, ನನಗೂ ಗೊತ್ತು. ಬರೆಯುವುದು ಬೇಡ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಸೆಪ್ಟೆಂಬರಿನಲ್ಲಿ ಏಳು ನೀರು ಎಂದು ಓದಿದಾಗಲೇ ನಾನು ನೇರವಾಗಿ, ಮಗು ಸಾಯುತ್ತದೆ ಅಂತ ಬರೆಯಬೇಕಿತ್ತು. ನಿನಗೆ ನೋವಾಗದಿರಲಿ ಎಂದು ಬೇಳೆ ಹಾಕು, ಸೊಪ್ಪು ಹಾಕು ಎಂದು ಸುತ್ತಿಬಳಸಿದೆ. ನೀನು ಬೈದು ಬರೆದೆ, ನಾನು ಮುಖ ತಿರುಗಿಸಿ ಕೂತೆ. ಆ ಒಂದು ತಿಂಗಳಲ್ಲಿ ನಾನು ತಿದ್ದಿಸಿ ಬೆಳೆಸಿದ ಹುಡುಗಿಯ ಮಗು ಹೋಗಿಬಿಡುತ್ತಿತ್ತು! ನಿನ್ನನ್ನು ಕ್ಷಮಿಸಲು ನಾನು ಯಾರು?

ನನ್ನ ಹತ್ತಿರ ಕ್ಷಮೆ ಕೇಳಬೇಡ. ನನಗಿಂತ ಮೊದಲು ಕೇಳಬೇಕಾದವರು ನಿನ್ನ ಕೇರಿಯ ಕೊನೆಮನೆಯಲ್ಲಿದ್ದಾರೆ. ನಾನು ಹೇಳಿದರೆ ನೀರು ಎರಚುತ್ತಾರೆ. ನೀನು ಹೇಳಿದರೆ ಕೇಳುತ್ತಾರೆ. ಪಥ್ಯ ಹೇಳಿದ ಬಾಯಿಂದಲೇ ಇದನ್ನೂ ಹೇಳಬೇಕು.

ಹೋಗಿ ಬಂದು ಬರಿ.

ಗುಲ್ಷನ್


ಹೊಸಮನೆ, ಭದ್ರಾವತಿ
19 ನವೆಂಬರ್ 2024

ಗುಲ್ಷನ್,

ಹೋಗಿ ಬಂದೆ.

ಅದಕ್ಕೆ ಒಂದು ವಾರ ಬೇಕಾಯಿತು. ಒಂದು ದಿನ ಅವರ ಗೇಟಿನವರೆಗೂ ಹೋಗಿ, ಜಟ್ಟಪ್ಪನ ಅಂಗಡಿಯಲ್ಲಿ ಬೇಡದ ಬೆಂಕಿಪೊಟ್ಟಣ ಕೊಂಡು ಹಿಂದಿರುಗಿದೆ. ಇನ್ನೊಂದು ದಿನ ಮಂಡಿ ನೋವೆಂದು ಮಲಗಿದೆ. ನಿನ್ನೆ ಪ್ರಿಯಾ, "ಅಮ್ಮಾ, ನೀನು ಹೋಗಲ್ಲ ಅಂದ್ರೆ ನಾನು ಮಗೂನ ಎತ್ಕಂಡು ಹೋಗಿ ಹೇಳ್ತೀನಿ" ಎಂದಳು. ಬಾಯಿಂದ ಅಂದರೆ ಮಾಡುವವಳೇ. ಇಂದು ಬೆಳಿಗ್ಗೆ ಹತ್ತಕ್ಕೆ ಹೊರಟೆ.

ದುರ್ಗಮ್ಮ ನನ್ನನ್ನು ಕಂಡವಳೇ ಕಸಬರಿಗೆ ಕೆಳಗಿಟ್ಟು ಕುರ್ಚಿ ಎಳೆದು ಹಾಕಿದಳು. "ದೇವ್ರೇ ಕಳ್ಸಿದಂಗಾತು ದಾಕ್ಷಾಯಣಮ್ಮ. ನಾನೇ ಇವತ್ತು ನಾಳೆ ಬರ್ತಿದ್ದೆ. ಬನ್ನಿ, ಕೂತ್ಕಳಿ" ಎಂದಳು. ನಾನು ಬಾಯಿ ತೆರೆಯುವುದಕ್ಕೂ ಒಳಗಿನಿಂದ ಹಾಲಮ್ಮ ನೀರು ತರುವುದಕ್ಕೂ ಸರಿಹೋಯಿತು. ನಾನು ಅವಳ ಹೊಟ್ಟೆ ನೋಡಿದೆ. ಗುಲ್ಷನ್, ಎಂಟು ತಿಂಗಳು! ನನಗೆ ಯಾರೂ ಹೇಳಿರಲಿಲ್ಲ. ದೃಷ್ಟಿಯಾಗುತ್ತದೆಂದು ಹೊರಗೆ ಬಿಟ್ಟಿರಲಿಲ್ಲವಂತೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದಿತ್ತು.

"ಈ ಸಲಾನೂ ನೀವೇ ನಿಂತು ಬಾಣಂತನ ಮಾಡಿಸ್ಬೇಕು" ಎಂದಳು ದುರ್ಗಮ್ಮ. "ಹೋದ ಸಲ ಇವ್ಳು ಕದ್ದು ತಿಂದು ಮಗೂನ ತಿನ್ಕಂಡ್ಲು. ಈ ಸಲ ಅಡುಗೆಮನೆಗೆ ಬೀಗ ಹಾಕಿ ಕೀ ನಾನೇ ಸೊಂಟಕ್ಕೆ ಸಿಗಿಸ್ಕಂತೀನಿ. ನೀವು ಏಳು ನೀರು ಅಂದ್ರೆ ಹತ್ತು ನೀರಲ್ಲಿ ತೊಳೀತೀನಿ."

ಹಾಲಮ್ಮ ತಲೆ ತಗ್ಗಿಸಿ ನಿಂತಿದ್ದಳು. ಆ ಮಾತು ಅವಳಿಗೆ ಹೊಸದಲ್ಲ, ನಿಂತ ರೀತಿಯಲ್ಲೇ ತಿಳಿಯಿತು. ನಾನು ನಿನ್ನೊಬ್ಬಳ ಹೆಸರು ಕೆಡಿಸಿದೆ ಎಂದುಕೊಂಡಿದ್ದೆ. ಈ ಹುಡುಗಿ ಏನಾಗಿರಬಹುದೆಂದು ಮೂರು ವರ್ಷದಲ್ಲಿ ಒಂದು ದಿನವೂ ಯೋಚಿಸಿರಲಿಲ್ಲ. ಎಂಥ ಹೆಂಗಸು ನಾನು! ಎದ್ದು ಓಡಿಹೋಗೋಣ ಅನ್ನಿಸಿತು. ಓಡಿದ್ದರೆ ಫೆಬ್ರವರಿಯಲ್ಲಿ ಇನ್ನೊಂದು ಕೂಸು ಸದ್ದಿಲ್ಲದೆ ಅಳುತ್ತಿತ್ತು.

ಹೇಳಿದೆ. ಪ್ರಿಯಾಳ ಕಾಲು ಜೋಮಿನಿಂದ ಶುರುಮಾಡಿ, ನನ್ನ ಮೊಮ್ಮಗನ ದನಿ ಹೋದದ್ದು, ಇಂಜೆಕ್ಷನ್ನು, ಡಾಕ್ಟರಮ್ಮನ ಮಾತು, ಎಲ್ಲ ಹೇಳಿದೆ. "ನಿಮ್ಮ ಮನೆ ಮಗು ಹೋಗಿದ್ದು ಮೊಟ್ಟೆಯಿಂದಲ್ಲ ದುರ್ಗಮ್ಮ. ಕಾಳಿಂದಾನೂ ಅಲ್ಲ. ಅದೊಂದೇ ಅವಳ ಹೊಟ್ಟೆಗೆ ಬಿದ್ದ ಸರಿಯಾದ ಊಟ. ನಾನು ಹೇಳಿದ ಪಥ್ಯದಿಂದ ಹೋಯ್ತು" ಎಂದೆ.

ದುರ್ಗಮ್ಮ ಮೊದಲು ನಕ್ಕಳು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳು. ನನ್ನ ಮುಖ ನೋಡಿದಳು. ಆಮೇಲೆ ಅವಳ ಮುಖ ಹೇಗಾಯಿತೆಂದು ನಾನು ಬರೆಯಲಾರೆ. "ನಿಮ್ಮನ್ನ ನಂಬಿ ನನ್ನ ಮನೆ ದೀಪ ನಾನೇ ಆರಿಸಿದ್ನಾ? ಹೊರಗೆ ನಡೀರಿ" ಎಂದಳು. "ನಡೀರಿ ಹೊರಗೆ!" ಎಂದು ಕಿರುಚಿದಳು. ಕೇರಿಯ ಜನ ಬಾಗಿಲಿಗೆ ಬಂದರು. ನಾನು ಎದ್ದೆ. ಬೈಸಿಕೊಳ್ಳುವುದಕ್ಕೇ ಹೋದವಳು, ಬೈಸಿಕೊಂಡೆ. ಹೊಸಲಲ್ಲಿ ನಿಂತು, "ಎಷ್ಟು ಬೇಕಾದ್ರೂ ಬೈಯಿರಿ, ಈ ಹುಡುಗೀಗೆ ಬೇಳೆ, ಸೊಪ್ಪು, ಮೊಟ್ಟೆ ಇವತ್ತಿಂದಾನೇ ಹಾಕಿ. ಅಂಗನವಾಡಿಗೆ ಕಳ್ಸಿ. ಡಾಕ್ಟರ ಹತ್ರ ನಾನೇ ಕರ್ಕಂಡು ಹೋಗ್ತೀನಿ" ಎಂದೆ. ದುರ್ಗಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು.

ಗೇಟು ದಾಟಿ ನಾಲ್ಕು ಹೆಜ್ಜೆ ಹೋಗಿರಬೇಕು, ಹಿಂದೆ ಯಾರೋ ಓಡಿಬಂದ ಸದ್ದು. ಹಾಲಮ್ಮ. ಆ ಹೊಟ್ಟೆ ಹೊತ್ತು, ಚಪ್ಪಲಿಯೂ ಇಲ್ಲದೆ ಬಂದಿದ್ದಳು. ನನ್ನ ಎರಡೂ ಕೈ ಹಿಡಿದುಕೊಂಡಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದು ನಿಂತೆ. ಬೀದಿಯವರೆಲ್ಲ ನೋಡುತ್ತಿದ್ದರು.

"ಅಮ್ಮಾ, ಹಂಗಾದ್ರೆ ನಾನಲ್ವಾ?" ಎಂದಳು. "ನನ್ನ ಮಗೂನ ಕೊಂದಿದ್ದು ನಾನಲ್ವಾ?"

"ನೀನಲ್ಲ ಕಣವ್ವಾ" ಎಂದೆ. "ನಾನು."

ದಾಕ್ಷಾಯಣಿ